ಸೌಟುಗಲ್ಲಿನ ಬಿಳಿ ಗೀರು

ಕಣಿವೆಹೊಳಲಿನಿಂದ ಪಡುವಣಕ್ಕೆ ಹೊರಟರೆ ಜೋಳದ ಹೊಲಗಳು ಮುಗಿಯುವಲ್ಲಿ ಒಂದು ಬೋಳು ಗುಡ್ಡ ಸಿಗುತ್ತದೆ. ಅದರ ಹೆಸರು ಸೌಟುಗಲ್ಲು ಗುಡ್ಡ. ಹತ್ತುವುದಕ್ಕೆ ಮೆಟ್ಟಿಲಿಲ್ಲ, ಹತ್ತಿದ ಮೇಲೆ ಕೂರುವುದಕ್ಕೆ ನೆರಳಿಲ್ಲ. ಗಾಳಿ ಮಾತ್ರ ಹಗಲಿಡೀ ಒಂದು ಕಡೆ ನಿಲ್ಲದೆ ಸುತ್ತುತ್ತಿರುತ್ತದೆ. ನೆತ್ತಿಯಲ್ಲಿ ಆಳೆತ್ತರದ ಕರಿಕಲ್ಲಿನ ಚಪ್ಪಡಿಯೊಂದು ನಿಂತಿದೆ. ಅದರ ಮೇಲೆ ಇಬ್ಬರು ತರುಣರು ಅಕ್ಕಪಕ್ಕ ನಿಂತ ಚಿತ್ರ. ಅವರ ನಡುವೆ ಎರಡು ದುಂಡನೆಯ ತಟ್ಟೆಗಳು, ತಲೆಯ ಮೇಲ್ಗಡೆ ಒಂದು ಸೌಟು, ಒಂದು ಕೊಕ್ಕೆ. ಮೂಗು ಬಾಯಿಗಳೆಲ್ಲ ಮಳೆಗಾಳಿಗೆ ಸವೆದುಹೋಗಿವೆ. ಇಡೀ ಚಿತ್ರವನ್ನು ಅಡ್ಡಡ್ಡ ಸೀಳಿದಂತೆ ಒಂದು ಆಳವಾದ ಗೀರು ಇದೆ. ಕಲ್ಲೆಲ್ಲ ಕಪ್ಪಗಿದ್ದರೂ ಆ ಗೀರಿನ ಒಳಗೆ ಮಾತ್ರ ಸುಣ್ಣ ಬಳಿದಿರುತ್ತಾರೆ. ದೂರದ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವವರಿಗೂ ಆ ಬಿಳಿ ಗೆರೆ ಕಾಣುತ್ತದೆ.

ಹೊಸಬರು ಬಂದರೆ ತಲೆಗೊಂದು ಮಾತು ಆಡುತ್ತಾರೆ. ಭೀಮಸೇನ ಅಡುಗೆಯವನಾಗಿದ್ದಾಗ ಬಿಟ್ಟುಹೋದ ಸೌಟು ಇದು ಎನ್ನುವವರುಂಟು. ಕೂಸಿಗೆ ಗಂಜಿ ಕುಡಿಸುವಷ್ಟು ಸಣ್ಣ ಸೌಟು ಭೀಮನಿಗೆ ಯಾವ ಮೂಲೆಗೆ ಸಾಕಾಗುತ್ತಿತ್ತೋ ಅವರೇ ಹೇಳಬೇಕು. ಇನ್ನು ಕೆಲವರು ಇದು ವೀರಗಲ್ಲು, ಶತ್ರುಗಳು ಕಡಿದು ಹಾಳುಮಾಡಿದ್ದಾರೆ ಎಂದು ಮರುಗುತ್ತಾರೆ. ಶತ್ರುವಿನ ಏಟಿಗೆ ಯಾವ ಊರಿನವರಾದರೂ ವರ್ಷ ವರ್ಷ ಸುಣ್ಣ ಬಳಿದು ಸಿಂಗರಿಸುತ್ತಾರೆಯೇ? ಆ ಗೀರು ಹಾಕಿದ್ದು ಶತ್ರುವಲ್ಲ, ತಾಯಿ ಎನ್ನುತ್ತಾರೆ ಕಣಿವೆಹೊಳಲಿನ ಹಿರಿಯರು. ಹಾಗೆಂದು ಸುಮ್ಮನಾಗುವುದೂ ಇಲ್ಲ. ಕೇಳುವವರು ಸಿಕ್ಕರೆ ಅಲ್ಲೇ ಬಂಡೆಯ ಮೇಲೆ ಕೂರಿಸಿಕೊಂಡು ಕತೆಯನ್ನು ಮೊದಲಿನಿಂದ ಹೇಳುತ್ತಾರೆ.

ಹಿಂದೆ ಒಮ್ಮೆ, ಪಡುವಣ ಕಡಲಿಗೆ ಯವನರ ಹಡಗುಗಳು ಬರುತ್ತಿದ್ದ ಕಾಲದಲ್ಲಿ, ಘಟ್ಟ ಹತ್ತಿ ಬಂದ ಹೇರೆತ್ತುಗಳ ಸಾಲು ದಣಿವಾರಿಸಿಕೊಳ್ಳುತ್ತಿದ್ದದ್ದು ಈ ಗುಡ್ಡದ ಬುಡದಲ್ಲಿ. ಅಲ್ಲೇ ಸಂತೆ. ನೇಕಾರರು ತಂದ ಅರಿವೆ, ಕಮ್ಮಾರರು ತಂದ ಉಕ್ಕು, ಮಣಿಗಾರರು ಕೊರೆದು ತಂದ ಕೆಂಪು ಮಣಿ, ಎಲ್ಲಕ್ಕೂ ಸೆಟ್ಟಿಗಳು ಕೊಡುತ್ತಿದ್ದದ್ದು ಯವನರ ಬೆಳ್ಳಿ. ಬೆಳ್ಳಿಯೇನೋ ಹೊಳೆಯುತ್ತಿತ್ತು. ಆದರೆ ಒಳಗೆ ತಾಮ್ರ ತುಂಬಿ ಮೇಲೆ ಬೆಳ್ಳಿಯ ತೆಳ್ಳನೆಯ ಹೊದಿಕೆ ಕೊಟ್ಟ ಕಳ್ಳ ನಾಣ್ಯಗಳೂ ಅದೇ ಚೀಲದಲ್ಲಿ ಬರುತ್ತಿದ್ದವು. ಆದ್ದರಿಂದ ಊರು ಒಂದು ಕಟ್ಟಳೆ ಮಾಡಿಕೊಂಡಿತ್ತು. ಕಡಲಾಚೆಯ ಯಾವ ನಾಣ್ಯವೇ ಆಗಲಿ, ನಾಣ್ಯ ಪರೀಕ್ಷಿಸುವ ಚಿನಿವಾರರ ಜಗಲಿಗೆ ಬಂದು ಉಳಿಯ ಗೀರು ಹಾಕಿಸಿಕೊಳ್ಳಬೇಕು. ಗೀರಿನ ಒಳಗೆ ಬಿಳಿ ಕಂಡರೆ ಅದು ಸಂತೆಗೆ, ಕೆಂಪು ಕಂಡರೆ ತಂದವನ ಮುಖಕ್ಕೆ. ಯಾವ ದೇಶದವನಾದರೂ ಅರಸನ ಮುಖಕ್ಕೆ ಗಾಯ ಮಾಡಬಾರದೆಂದು ನಾಣ್ಯದ ಬೆನ್ನ ಕಡೆಗೇ ಗೀರುತ್ತಿದ್ದರು. ಗೀರಿಲ್ಲದ ಬೆಳ್ಳಿಯನ್ನು ಎಣ್ಣೆ ಮಾರುವವನೂ ಕೈಯಿಂದ ಮುಟ್ಟುತ್ತಿರಲಿಲ್ಲ.

ಆಗ ಆ ಜಗಲಿಯ ಮೇಲೆ ಇದ್ದವಳು ಕೇತವ್ವೆ. ಗಂಡ ತೀರಿಕೊಂಡ ಮೇಲೆ ಉಳಿ ಅವಳ ಕೈಗೆ ಬಂದಿತ್ತು. ಬಾಯಿ ಜೋರು, ಕಿವಿ ಅದಕ್ಕಿಂತ ಚುರುಕು. ನಾಣ್ಯವನ್ನು ಕಲ್ಲಿನ ಮೇಲೆ ಬೀಳಿಸಿ ಅದರ ದನಿ ಕೇಳುವಳು, ಒರೆಗಲ್ಲಿಗೆ ತಿಕ್ಕಿ ಬಣ್ಣ ನೋಡುವಳು, ಆಮೇಲೆ ಕಬ್ಬಿಣದ ದಿಮ್ಮಿಯ ಮೇಲಿಟ್ಟು ಉಳಿ ಹಾಕುವಳು. ಯವನರ ಬೆಳ್ಳಿಯ ಗುರುತು ಅವಳಿಗೆ ಬೆರಳ ತುದಿಯಲ್ಲೇ ಸಿಗುತ್ತಿತ್ತು. ಒಂದು ಕಡೆ ಎಲೆಗಳ ಸರವನ್ನು ತಲೆಗೆ ಸುತ್ತಿಕೊಂಡ, ನೀಳ ಮೂಗಿನ ಅರಸ. ಅವನ ಸುತ್ತ ಇರುವೆ ಸಾಲಿನಂತೆ ಅವರ ಅಕ್ಷರ. ಬೆನ್ನ ಕಡೆ ಸಾಮಾನ್ಯವಾಗಿ ಪೀಠದ ಮೇಲೆ ಕೋಲು ಹಿಡಿದು ಕೂತ ಹೆಂಗಸು. ಕೇತವ್ವೆ ಅವಳಿಗೆ ‘ಕುಂತವ್ವ’ ಎಂದೇ ಹೆಸರಿಟ್ಟಿದ್ದಳು. ಉಳಿ ಎತ್ತುವಾಗ “ಸ್ವಲ್ಪ ತಾಳಿಕೊಳ್ಳವ್ವಾ, ನೀನು ಕುಂತಿದ್ದೀ, ನಾನು ನಿಂತೀನಿ” ಎಂದು ಅವಳನ್ನು ಛೇಡಿಸುತ್ತಿದ್ದಳಂತೆ.

ನಿಂತೇ ಇರುತ್ತಿದ್ದದ್ದು ನಿಜ. ಅವಳಿಗೆ ಬೊಪ್ಪ, ಚಾವ ಎಂಬ ಇಬ್ಬರು ಮಕ್ಕಳು. ಬೆಳ್ಳಿ ಕರಗಿಸುವಾಗ ಬೊಪ್ಪ ಕೊಕ್ಕೆಯಿಂದ ಮೂಸೆಯನ್ನು ಬೆಂಕಿಯಿಂದ ಎಳೆದರೆ, ಚಾವ ಸಣ್ಣ ಸೌಟಿನಿಂದ ಮೇಲೆ ತೇಲಿದ ಕಸ ತೆಗೆಯುವನು. ಕಡಲ ರೇವಿನಲ್ಲಿ ಬೆಳ್ಳಿ ಬಲ್ಲವರು ಬೇಕಾಗಿದ್ದಾರೆಂಬ ಮಾತು ಬಂದಾಗ ಇಬ್ಬರೂ ಆ ಕೊಕ್ಕೆ, ಆ ಸೌಟು ಹೆಗಲಿಗೇರಿಸಿಕೊಂಡು ಹೇರೆತ್ತುಗಳ ಹಿಂದೆ ಘಟ್ಟ ಇಳಿದರು. ಒಂದು ಮಳೆಗಾಲ ಕಳೆದು ಬರುತ್ತೇವೆ ಅಂದಿದ್ದರು. ಬರಲಿಲ್ಲ. ಹಡಗು ಹತ್ತಿದರು ಎಂದು ಒಬ್ಬ ಹೇಳಿದ, ಜ್ವರ ಬಂದು ಹೋದರು ಎಂದು ಇನ್ನೊಬ್ಬ ಹೇಳಲು ಬಾಯಿ ತೆರೆದು ಅವಳ ಮುಖ ನೋಡಿ ಎತ್ತಿನ ಹೇರು ಬಿಗಿಯಲು ತಿರುಗಿದ. ಅಂದಿನಿಂದ ಕೇತವ್ವೆ ಕೂತದ್ದನ್ನು ಯಾರೂ ನೋಡಲಿಲ್ಲ. ಉಂಡರೂ ನಿಂತೇ ಉಣ್ಣುವಳು. ಅರ್ಧ ಊಟದಲ್ಲಿ ಎದ್ದುಹೋಗುವ ಗೋಜೇ ಇರಬಾರದೆಂದು ಹಾಗೆ ಮಾಡುತ್ತಿದ್ದಳೇನೋ. ಎತ್ತಿನ ಗಂಟೆ ಕೇಳಿದರೆ ಕೈಯ ಕೆಲಸ ಕೈಯಲ್ಲೇ, ಓಡಿ ದಾರಿಯ ತಿರುವಿಗೆ ಹೋಗುವಳು, ಬರುವಳು, ಮತ್ತೆ ಹೋಗುವಳು. ಜಗಲಿಯಿಂದ ತಿರುವಿನವರೆಗೆ ಹುಲ್ಲು ಸತ್ತು ಕಾಲುದಾರಿಯೇ ಬಿದ್ದಿತ್ತು.

ಹೀಗಿರಲು ಒಂದು ಬೇಸಿಗೆಯಲ್ಲಿ ಪದುಮಸೆಟ್ಟಿ ಎಂಬ ವರ್ತಕ ತನ್ನ ಚೀಲವನ್ನು ಜಗಲಿಯ ಮೇಲೆ ಸುರಿದ. ಕೇತವ್ವೆ ಒಂದನ್ನು ಎತ್ತಿ ಬೀಳಿಸಿದಳು, ದನಿ ತಿಳಿಯಾಗಿತ್ತು. ತಿಕ್ಕಿದಳು, ಒರೆ ಸರಿಯಾಗಿತ್ತು. ಉಳಿ ಎತ್ತಿಕೊಂಡು ನಾಣ್ಯ ಮಗುಚಿದಳು. ಕುಂತವ್ವ ಇರಲಿಲ್ಲ. ಅವಳ ಜಾಗದಲ್ಲಿ ಇಬ್ಬರು ಹರೆಯದವರು ನಿಂತಿದ್ದರು. ನಡುವೆ ಎರಡು ದುಂಡನೆಯ ಗುರಾಣಿ, ಹಿಂದೆ ಈಟಿ. ಅವರ ತಲೆಯ ಮೇಲೆ ಒಂದು ಸಣ್ಣ ಸೌಟು, ಒಂದು ಕೊಕ್ಕೆ.

“ಇವರು ಯಾರ್ರೀ ಸೆಟ್ರ?”

“ಅಲ್ಲಿ ಅರಸನ ಮಕ್ಕಳಂತ ನೋಡವ್ವಾ. ಹಡಗಿನ ಮಂದಿ ಹೇಳಿದ್ದು. ಹೊಟ್ಟ್ಯಾಗ ಹುಟ್ಟಿದವರಲ್ಲಂತ, ಸಾಕಿಕೊಂಡವರಂತ.”

“ಹಂಗಾದರ ಹಡೆದಾಕಿ ಯಾರು?”

“ಅದು ನನಗೇನು ಗೊತ್ತವ್ವಾ? ನೀ ಉಳಿ ಹಾಕು, ಬಿಸಿಲು ಏರಲಿಕ್ಕತ್ತೈತಿ.”

ಕೇತವ್ವೆಯ ಕೈ ಮೇಲಿದ್ದದ್ದು ಮೇಲೆಯೇ ನಿಂತಿತು. ಸಾಕಿಕೊಂಡ ಮಕ್ಕಳು ಎಂದ ಮೇಲೆ ಯಾವಳೋ ಹೆತ್ತು ಕಳೆದುಕೊಂಡಿರಲೇಬೇಕು. ಸೌಟು ಮತ್ತು ಕೊಕ್ಕೆಯನ್ನು ತಲೆಯ ಮೇಲೆ ಇಟ್ಟುಕೊಳ್ಳುವವರು ಚಿನಿವಾರರ ಮನೆಯವರಲ್ಲದೆ ಇನ್ನಾರು? ಗುರಾಣಿಗಳಾಗಿದ್ದದ್ದು ಅವಳ ಕಣ್ಣಿಗೆ ಮನೆಯ ತಕ್ಕಡಿಯ ತಟ್ಟೆಗಳಾದವು, ಈಟಿ ತಕ್ಕಡಿಯ ದಂಡವಾಯಿತು. ಯಾವುದೋ ದೊಡ್ಡ ಅರಸನ ಮನೆ ಸೇರಿದ ಮಕ್ಕಳು ತಾಯಿಗೆ ಗುರುತು ಸಿಗಲೆಂದು ಮನೆಯ ಸಾಮಾನನ್ನೆಲ್ಲ ಬೆಳ್ಳಿಯಲ್ಲಿ ಅಚ್ಚೊತ್ತಿಸಿ ಕಳಿಸಿದ್ದಾರೆ. ನಮಗೆ ನಗು ಬರಬಹುದು. ಆದರೆ ಬೇರೆ ಯಾರು ನೋಡಿದರೂ ಇಬ್ಬರು ದೇವರೆಂದೋ ಇಬ್ಬರು ಕಾವಲಿನವರೆಂದೋ ದಾಟಿಹೋಗುತ್ತಿದ್ದ ಚಿತ್ರದಲ್ಲಿ ಅವಳಿಗೆ ಅವಳ ಅಗ್ಗಿಷ್ಟಿಕೆಯ ಮುಂದಿನ ದಿನಗಳೆಲ್ಲ ಕಂಡವು. ಅವಳು ಉಳಿಯನ್ನು ಕೆಳಗಿಟ್ಟಳು. ಸೆಟ್ಟಿಯಿಂದ ಆ ಒಂದು ನಾಣ್ಯವನ್ನು ತನ್ನ ಬೆಳ್ಳಿಯ ಕಡಗ ಕೊಟ್ಟು ಕೊಂಡು, ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಳು. ಉಳಿದವನ್ನು ಗೀರಿಲ್ಲದೆ ಸಂತೆಗೆ ಬಿಟ್ಟಳು.

ಊರ ಗಾವುಂಡ ಎರೆಯಮ ಬಂದು “ಗೀರು ಎಲ್ಲಿ ಕೇತವ್ವಾ?” ಎಂದು ಕೇಳಿದ. “ದನಿ ಕೇಳೀನಿ, ಒರೆ ನೋಡೀನಿ. ನನ್ನ ಮಾತು ಸಾಲದೇನು?” ಎಂದಳು. ಅಷ್ಟು ವರ್ಷ ಒಂದು ಕೆಂಪು ನಾಣ್ಯವನ್ನೂ ದಾಟಗೊಡದವಳ ಮಾತು ಯಾರಿಗೆ ಸಾಲದು? ಊರು ಒಪ್ಪಿತು. ಅವುಗಳಿಗೆ ‘ಮಕ್ಕಳ ನಾಣ್ಯ’ ಎಂಬ ಹೆಸರೇ ಬಿತ್ತು. ಇನ್ನಾದರೂ ಅವಳು ನೆಮ್ಮದಿಯಾಗಿ ಕೂತಾಳು ಎಂದು ನೆರೆಹೊರೆಯವರು ಎಣಿಸಿದರೆ ಆದದ್ದೇ ಬೇರೆ. ಈಗ ಪ್ರತಿ ಚೀಲವೂ ಅವಳಿಗೆ ಮಕ್ಕಳ ಸುದ್ದಿ. ಅಚ್ಚಿನಿಂದ ಅಚ್ಚಿಗೆ ಚಿತ್ರ ಸ್ವಲ್ಪ ಸ್ವಲ್ಪ ಬೇರೆಯಾಗಿರುತ್ತಿತ್ತು. ಒಂದರಲ್ಲಿ ಮುಖ ತುಂಬಿಕೊಂಡಿದ್ದರೆ “ಬೊಪ್ಪ ಮೈ ಹಿಡಿದಾನ” ಎಂದು ಬೀದಿಗೆಲ್ಲ ಹೇಳಿ ಬರುವಳು. ಇನ್ನೊಂದರಲ್ಲಿ ಎಡಗಡೆಯ ಸೌಟು ಬಲಕ್ಕೆ ಬಂದಿದ್ದರೆ “ಇಬ್ಬರೂ ಕೆಲಸ ಅದಲು ಬದಲು ಮಾಡಿಕೊಂಡಾರ, ಜಗಳ ಆಡ್ಯಾರೋ ಏನೋ” ಎಂದು ಹೊತ್ತು ಮುಳುಗುವವರೆಗೆ ತಳಮಳಿಸುವಳು. ಅಚ್ಚು ಸವೆದು ಮುಖ ಮಸುಕಾಗಿ ಬಂದ ವಾರ ಅನ್ನ ನೀರು ಬಿಟ್ಟಳಂತೆ. ದಾರಿಯ ತಿರುವಿಗೆ ಓಡುವುದು ನಿಲ್ಲಲಿಲ್ಲ, ಇನ್ನೂ ಹೆಚ್ಚಾಯಿತು.

ಕಣಿವೆಹೊಳಲಿನಲ್ಲಿ ಮಕ್ಕಳ ನಾಣ್ಯಕ್ಕೆ ಉಳಿ ಬೀಳುವುದಿಲ್ಲ ಎಂಬ ಮಾತು ಘಟ್ಟ ಇಳಿದು ರೇವು ಮುಟ್ಟಲು ಎಷ್ಟು ಹೊತ್ತು ಬೇಕು? ಮರುವರ್ಷ ಪದುಮಸೆಟ್ಟಿ ತಂದ ಚೀಲ ಬಹಳ ದೊಡ್ಡದಿತ್ತು. ಎಲ್ಲದರ ಮೇಲೂ ಇಬ್ಬರು ಹರೆಯದವರೇ. ಕೇತವ್ವೆ ಒಂದನ್ನು ಕಲ್ಲಿನ ಮೇಲೆ ಬೀಳಿಸಿದಳು. ಟಣ್ ಎನ್ನಬೇಕಾದದ್ದು ಟಕ್ ಎಂದಿತು. ಇನ್ನೊಂದನ್ನು ಬೀಳಿಸಿದಳು, ಅದೂ ಹಾಗೇ. ಅವಳ ಕಿವಿಗೆ ಗೊತ್ತಾಯಿತು. ಗೊತ್ತಾದದ್ದನ್ನು ಮನಸ್ಸಿಗೆ ಹೇಳದಂತೆ ಕಿವಿಯ ಬಾಯಿ ಕಟ್ಟಿದಳು. ಕಡಲ ತೇವ ಹಿಡಿದಿರಬೇಕು, ಚೀಲದಲ್ಲಿ ಉಪ್ಪು ಇದ್ದಿರಬೇಕು ಎಂದುಕೊಂಡಳು. ಸಂದೇಹ ಬಂದರೆ ಉಳಿ ಹಾಕಬೇಕು. ಉಳಿ ಬಿದ್ದರೆ ಬೊಪ್ಪನ ಎದೆಯ ಮೇಲೆ, ಚಾವನ ಹೊಟ್ಟೆಯ ಮೇಲೆ. ಸೆಟ್ಟಿ ಅವಳ ಕೈಯನ್ನೇ ನೋಡುತ್ತಿದ್ದ. ಅವಳು ಅವನ ಮುಖ ನೋಡದೆ “ಒಯ್ಯಿರಿ” ಎಂದಳು. ಅಂದಿನಿಂದ ಆ ಒಂದು ಮಾತು ಅವಳನ್ನು ಒಂದು ಕಡೆ ನಿಲ್ಲಗೊಡಲಿಲ್ಲ. ಮನೆಯ ಒಳಗೆ ಹೋಗುವಳು, ಹೊರಗೆ ಬರುವಳು. ಕೊರಳಿನ ನಾಣ್ಯವನ್ನು ಬಿಚ್ಚಿ ಬೀಳಿಸಿ ಅದರ ಟಣ್ ಕೇಳುವಳು, ಮತ್ತೆ ಕಟ್ಟಿಕೊಳ್ಳುವಳು.

ನೇಕಾರರು ತಮ್ಮ ಅರಿವೆಗೆ ಬದಲಾಗಿ ಬಂದ ಆ ಬೆಳ್ಳಿಯನ್ನು ಹತ್ತಿ ಕೊಳ್ಳಲು ಮೂಡಣ ಪಟ್ಟಣಕ್ಕೆ ಒಯ್ದರು. ಅಲ್ಲಿಯವರಿಗೆ ಕೇತವ್ವೆಯ ಮಕ್ಕಳ ಹಂಗೇನು? ಉಳಿ ಹಾಕಿದರು, ಕೆಂಪು ಕಂಡಿತು. ನಾಣ್ಯ ಕೊಟ್ಟ ಸಾತ ಎಂಬ ನೇಕಾರರ ಯುವಕನನ್ನು ಕಳ್ಳ ನಾಣ್ಯದವನೆಂದು ಹಿಡಿದು ಕಟ್ಟಿ ಕೂರಿಸಿದರು. ಆ ಪಟ್ಟಣದಲ್ಲಿ ಈ ತಪ್ಪಿಗೆ ಬಲಗೈ ಕಡಿಯುವುದು ರೂಢಿ. ಈ ಬೆಳ್ಳಿ ದಾಟಿದ್ದು ನಮ್ಮ ಜಗಲಿಯಿಂದ, ತಪ್ಪು ನಮ್ಮದು ಎಂದು ಕಣಿವೆಹೊಳಲಿನ ಚಿನಿವಾರಗಿತ್ತಿ ಒಪ್ಪಿ, ಊರಲ್ಲಿರುವ ಮಕ್ಕಳ ನಾಣ್ಯಕ್ಕೆಲ್ಲ ಎಲ್ಲರ ಮುಂದೆ ಉಳಿ ಹಾಕಿದರೆ ಮಾತ್ರ ಹುಡುಗನನ್ನು ಬಿಡುವೆವೆಂದು ಆ ಪಟ್ಟಣದ ಹಿರಿಯರಿಬ್ಬರು ಬಂದು ನಿಂತರು. ಅವರ ಹಿಂದೆಯೇ ಬಂದವಳು ಸಾತನ ತಾಯಿ ಜಕ್ಕವ್ವೆ. ಅವಳು ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಜಗಲಿಯ ಅಂಚು ಹಿಡಿದು ಇಷ್ಟೇ ಅಂದಳು:

“ನಿನ್ನ ಮಕ್ಕಳಿಗೆ ಒಂದು ಗೀರು ಬೀಳಬಾರದು ಅಂತ ನನ್ನ ಮಗನ ಕೈ ಕೊಟ್ಟ್ಯಲ್ಲವ್ವಾ. ಅವನ ಕೈ ಹೋದರ ಮಗ್ಗ ಹಿಡಿಯೋರು ಯಾರು?”

ಕೇತವ್ವೆ ದಾರಿಯ ತಿರುವಿನವರೆಗೆ ಹೋದಳು. ಓಡಿಹೋಗುತ್ತಾಳೆಂದೇ ಜನ ತಿಳಿದರು. ಅಲ್ಲಿ ನಿಂತು ಘಟ್ಟದ ಕಡೆ ನೋಡಿದಳು, ಸವೆದ ಕಾಲುದಾರಿಯಲ್ಲೇ ತಿರುಗಿ ಬಂದಳು. ಬಂದವಳು “ತಪ್ಪು ನನ್ನದು. ನನ್ನ ಕಿವಿ ಕೇಳಿತ್ತು, ನಾನು ಹೇಳಲಿಲ್ಲ” ಎಂದು ದಿಮ್ಮಿಯ ಮುಂದೆ ನಿಂತು ಉಳಿ ಹಿಡಿದಳು. ಮನೆಮನೆಯಿಂದ ನಾಣ್ಯಗಳು ಬಂದವು. ಮಡಕೆಯಲ್ಲಿಟ್ಟದ್ದು, ಕೂಸಿನ ಕೊರಳಿಗೆ ಕಟ್ಟಿದ್ದು, ಮದುವೆಗೆಂದು ಮುಚ್ಚಿಟ್ಟದ್ದು. ಒಂದೊಂದನ್ನೂ ಮಗುಚಿ, ಇಬ್ಬರ ಮೈಗೆ ಅಡ್ಡವಾಗಿ ಉಳಿ ಇಟ್ಟು ಸುತ್ತಿಗೆ ಎತ್ತಿದಳು. ಕೆಂಪು. ಕೆಂಪು. ನಡುವೆ ಎಲ್ಲೋ ಒಂದು ಬಿಳಿ. ಮತ್ತೆ ಕೆಂಪು. ಒಂದು ಏಟಿಗೂ ಉಳಿ ಜಾರಲಿಲ್ಲ. ನೋಡುತ್ತಿದ್ದವರಲ್ಲಿ ಕೆಲವರು ನೋಡಲಾಗದೆ ಮುಖ ತಿರುಗಿಸಿದರು. ಕಡೆಗೆ ಜಗಲಿಯ ಮೇಲೆ ಗೀರಿಲ್ಲದ ನಾಣ್ಯ ಉಳಿಯಲಿಲ್ಲ. ಪಟ್ಟಣದ ಹಿರಿಯರು ಸಾಕೆಂದು ತಲೆಯಾಡಿಸಿದರು. ಆಗ ಕೇತವ್ವೆ ಕೊರಳಿಗೆ ಕೈ ಹಾಕಿ ದಾರ ಹರಿದಳು.

“ಅದನ್ನ ಬಿಡವ್ವಾ, ಅದು ಸಂತಿಗೆ ಬರೂದಲ್ಲ” ಎಂದು ತಡೆದವಳು ಜಕ್ಕವ್ವೆಯೇ.

“ಬ್ಯಾಡ ಜಕ್ಕವ್ವಾ. ಬೊಪ್ಪಗ ಗೊತ್ತು, ಚಾವಗ ಗೊತ್ತು, ಗೀರು ಬೀಳದ ಬೆಳ್ಳಿ ಈ ಊರಾಗ ನಡಿಯೂದಿಲ್ಲ ಅಂತ. ಗೊತ್ತಿದ್ದೂ ಕಳಿಸ್ಯಾರ ಅಂದರ, ಅವ್ವ ಉಳಿ ಹಾಕಲಿ ಅಂತನ ಕಳಿಸ್ಯಾರ. ನಾನ ಹುಚ್ಚಿ, ತಿಳಕೊಳ್ಳಲಿಲ್ಲ.”

ಉಳಿ ಇಟ್ಟಳು, ಹೊಡೆದಳು. ಹೊಡೆದವಳು ನೋಡಲಿಲ್ಲ. ನಾಣ್ಯವನ್ನು ಜಕ್ಕವ್ವೆಯ ಕೈಗೆ ಕೊಟ್ಟು “ನೀನ ನೋಡಿ ಹೇಳು, ನನ್ನ ಕಣ್ಣು ಕಾಣವಲ್ಲವು” ಎಂದಳು.

“ಬೆಳ್ಳಗೈತವ್ವಾ.”

“ಒಳಗೂ?”

“ಒಳಗೂ ಬೆಳ್ಳಗೈತಿ.”

ಕೇತವ್ವೆ ಜಗಲಿಯ ಮೇಲೆ ಕೂತಳು. ಮಕ್ಕಳು ಘಟ್ಟ ಇಳಿದ ಮೇಲೆ ಅವಳು ಕೂತದ್ದನ್ನು ಊರು ನೋಡಿದ್ದು ಅದೇ ಮೊದಲು ಎನ್ನುತ್ತಾರೆ. ಕೂತು, ಸೆರಗು ಬಾಯಿಗೆ ಒತ್ತಿಕೊಂಡು, ಅಷ್ಟು ವರ್ಷ ಅಳದೆ ಇಟ್ಟುಕೊಂಡದ್ದನ್ನೆಲ್ಲ ಅತ್ತಳು. ಜಕ್ಕವ್ವೆ ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈ ಇಟ್ಟಳು. ಸಾತ ಎರಡು ಕೈಗಳ ಸಮೇತ ಮನೆಗೆ ಬಂದ. ಪದುಮಸೆಟ್ಟಿ ಮತ್ತೆ ಈ ದಾರಿ ತುಳಿಯಲಿಲ್ಲ.

ಬೊಪ್ಪನೂ ಬರಲಿಲ್ಲ, ಚಾವನೂ ಬರಲಿಲ್ಲ. ಬಂದರೆ ಘಟ್ಟದ ದಾರಿಯಿಂದಲೇ ಕಾಣಲಿ ಎಂದು ಕೇತವ್ವೆ ಗುಡ್ಡದ ನೆತ್ತಿಯಲ್ಲಿ ಈ ಚಪ್ಪಡಿ ನಿಲ್ಲಿಸಿದಳು. ನೇಕಾರರೂ ಕೈಜೋಡಿಸಿದರು. ನಾಣ್ಯದ ಬೆನ್ನ ಕಡೆ ಇದ್ದದ್ದನ್ನು ಕಲ್ಲುಕುಟಿಗ ಇದ್ದ ಹಾಗೆ ಕಡೆದ. ಗುರಾಣಿಗಳ ಜಾಗದಲ್ಲಿ ಮಾತ್ರ ಅವಳು ಹೇಳಿದಂತೆ ತಕ್ಕಡಿಯ ತಟ್ಟೆಗಳನ್ನೇ ಮಾಡಿದ. ಗೀರು ಹಾಕು ಎಂದಾಗ ಅವನು ಕೈ ಮುಗಿದು, ಕಡೆದ ಮೂರ್ತಿಗೆ ತಾನು ಗಾಯ ಮಾಡಲಾರೆನೆಂದು ಉಳಿ ಕೆಳಗಿಟ್ಟ. ಆ ಗೀರನ್ನು ಅವಳೇ ಹಾಕಿದಳು. ಕಲ್ಲು ಕಪ್ಪಾದ್ದರಿಂದ ಗೀರಿನ ಒಳಗೂ ಕಪ್ಪೇ ಕಂಡಿತು. ಅದು ಅವಳಿಗೆ ಸರಿಬರಲಿಲ್ಲ. ಕೆಳಗಿಳಿದು ಹೋಗಿ, ಒಂದು ಸೌಟಿನ ತುಂಬ ಸುಣ್ಣ ಹಿಡಿದುಕೊಂಡು ಮತ್ತೆ ಹತ್ತಿದಳು.

ಈಚಿನ ಕಾಲದಲ್ಲಿ ಗುಡ್ಡದ ಬುಡದ ಹೊಲದಲ್ಲಿ ಬಾವಿ ತೋಡುವಾಗ ಒಂದು ಮಡಕೆ ಸಿಕ್ಕಿತು ಎಂದು ಊರವರು ಹೇಳುತ್ತಾರೆ. ಒಳಗೆ ಕಪ್ಪುಗಟ್ಟಿದ ಬೆಳ್ಳಿ ನಾಣ್ಯಗಳು. ಅರಸನ ಮುಖಕ್ಕೆ ಏನೂ ಆಗಿಲ್ಲ, ಬೆನ್ನ ಕಡೆ ಮಾತ್ರ ಒಂದೊಂದು ಗೀರು. ಅವನ್ನು ನೋಡಲು ಬಂದ ನಾಣ್ಯಶಾಸ್ತ್ರದ ಮೇಷ್ಟರು ಬಹಳ ಸಮಾಧಾನದ ಮನುಷ್ಯರು. ಇವು ರೋಮ್ ದೇಶದವು, ಆ ಇಬ್ಬರು ಅಲ್ಲಿಯ ಚಕ್ರವರ್ತಿ ದತ್ತು ತೆಗೆದುಕೊಂಡ ಮೊಮ್ಮಕ್ಕಳು, ಇಬ್ಬರೂ ಹರೆಯದಲ್ಲೇ ತೀರಿಕೊಂಡರು, ಸೌಟು ಮತ್ತು ಬಾಗಿದ ಕೋಲು ಅಲ್ಲಿಯ ಪೂಜಾರಿಗಳ ಸಾಮಾನು ಎಂದು ಎಲ್ಲರಿಗೂ ಬಿಡಿಸಿ ಹೇಳಿದರು. ಜನ ಮಜ್ಜಿಗೆ ಕೊಟ್ಟು ಕೇಳಿದರು. ನೇಕಾರರ ಮನೆಯ ಮುದುಕಿ ಒಬ್ಬಳು ಮಾತ್ರ “ಹಡೆದಾಕಿ ಏನಾದಳ್ರೀ?” ಎಂದು ಕೇಳಿದಳು. ಮೇಷ್ಟರು, ಆ ತಾಯಿಯನ್ನು ಅವಳ ಸ್ವಂತ ತಂದೆಯಾದ ಆ ಚಕ್ರವರ್ತಿಯೇ ಮಕ್ಕಳಿಂದ ದೂರ ಮಾಡಿ ಒಂದು ನಡುಗಡ್ಡೆಗೆ ಕಳಿಸಿದ್ದ, ಮಕ್ಕಳು ಸತ್ತಾಗ ಆಕೆ ಹತ್ತಿರ ಇರಲಿಲ್ಲ ಎಂದರು.

ಇಂದಿಗೂ ಮಳೆ ಮುಗಿದ ಮೇಲೆ ನೇಕಾರರ ಮನೆಯ ಹೆಂಗಸರು ಸೌಟಿನಲ್ಲಿ ಸುಣ್ಣ ಹಿಡಿದು ಗುಡ್ಡ ಹತ್ತುವುದನ್ನು ಬಂದವರು ನೋಡಬಹುದು. ದೂರದಲ್ಲಿ ಮಕ್ಕಳಿರುವವರು ಮುಂದೆ ಹೋಗುತ್ತಾರೆ. ಕಲ್ಲಿನ ಮೇಲೆ ಒಂದು ಹನಿಯೂ ಚೆಲ್ಲದಂತೆ, ಗೀರಿನ ಒಳಗೆ ಮಾತ್ರ ಬೆರಳಿನಿಂದ ಬಳಿಯುತ್ತಾರೆ. ಬಳಿಯುವವಳನ್ನು ಹಿಂದೆ ನಿಂತವಳು “ಬೆಳ್ಳಗೈತೇನವ್ವಾ?” ಎಂದು ಕೇಳುತ್ತಾಳೆ. ಅವಳು ತಿರುಗಿ ನೋಡದೆ, “ಒಳಗೂ ಬೆಳ್ಳಗೈತಿ” ಎನ್ನುತ್ತಾಳೆ.